ಮಂದ್ರ ಷಡ್ಜಕ್ಕೊಂದು ಪೆಟ್ಟಿಗೆ

ಒಂದು ಕಾಲದಲ್ಲಿ ನಡುಮನೆಯ ಗೋಡೆಗೆ ಹೊಡೆದ ಮರದ ಹಲಗೆಯೊಂದು ರೇಡಿಯೊಗೆಂದೇ ಮೀಸಲಾಗಿರುತ್ತಿತ್ತು. ಹಲಗೆಯ ಮೇಲೆ ಮರದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕಸೂತಿ ಹಾಕಿದ ಬಟ್ಟೆಯ ಮುಸುಕು. ಅದರ ಗುಂಡಿ ತಿರುಗಿಸುವ ಅಧಿಕಾರ ಮನೆಯ ಹಿರಿಯರದು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟಿ ಬರಬೇಕಿತ್ತು. ಗುಂಡಿ ತಿರುಗಿಸಿದ ಮೇಲೂ ಒಳಗಿನ ವಾಲ್ವುಗಳು ಬಿಸಿಯಾಗಿ ದನಿ ಹೊರಡುವ ತನಕ ಕಾಯಬೇಕಿತ್ತು. ಹೊರಟ ದನಿ ಮಾತ್ರ ಯಾರೊಬ್ಬರ ಸ್ವತ್ತೂ ಅಲ್ಲ. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದವರಿಗೂ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತವರಿಗೂ ಅದು ಕೇಳಿಸುತ್ತಿತ್ತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ಆರಂಭಿಸಿ ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟಾಗ ಅವರ ಮನಸ್ಸಿನಲ್ಲಿದ್ದುದೂ ಹೀಗೆ ಸುತ್ತ ಕೂತು ಕೇಳುವ ಮನೆಮಂದಿಯೇ ಇರಬೇಕು.

ಇಂದು ಸಂಗೀತಕ್ಕೆ ಹಲಗೆ ಬೇಕಿಲ್ಲ. ಅದು ಜೇಬಿನಲ್ಲಿದೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಿಕೆ ಬೇಕೆಂದರೂ ಬೆರಳ ತುದಿಯಲ್ಲಿ ಸಿಗುತ್ತದೆ. ಆದರೆ ಫೋನಿನ ಅಂಚಿನ ಸಣ್ಣ ತೂತುಗಳಿಂದ ಹೊರಡುವ ಹಾಡು ನೀರು ಬೆರೆಸಿದ ಹಾಲಿನಂತೆ ತೆಳ್ಳಗಿರುತ್ತದೆ. ತಂಬೂರಿಯ ಗುಂಗು ಇಲ್ಲ, ಡಗ್ಗಾದ ಗುಮುಕು ಇಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಅವೆರಡೂ ಮರಳಿ ಬರುತ್ತವೆ, ಆದರೆ ಪಕ್ಕದಲ್ಲಿ ಕೂತವರು ಹಾಡಿನಿಂದ ಹೊರಗುಳಿಯುತ್ತಾರೆ.

ಈ ತೊಡಕನ್ನು ಬಿಡಿಸಲೆಂದು ಅನೇಕ ಮನೆಗಳಿಗೆ ಬರುತ್ತಿರುವ ಸಾಧನದ ಹೆಸರು ‘ಪವರ್ಡ್ ಬುಕ್‌ಶೆಲ್ಫ್ ಸ್ಪೀಕರ್’. ಆಂಪ್ಲಿಫೈಯರನ್ನು ಹೊಟ್ಟೆಯೊಳಗೇ ಇಟ್ಟುಕೊಂಡ, ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಗಾತ್ರದ ಜೋಡಿ ಪೆಟ್ಟಿಗೆಗಳಿವು. ನೋಡಲು ಹೊಸ ವಸ್ತುಗಳಾದರೂ ಇವು ಹಲಗೆಯ ಮೇಲಿನ ಆ ರೇಡಿಯೊದ ನೇರ ವಂಶಸ್ಥರು. ಆ ವಂಶದ ಕತೆ ತಿಳಿದರೆ ಯಾವುದನ್ನು ಕೊಳ್ಳಬೇಕು, ಹೇಗೆ ಜೋಡಿಸಬೇಕು, ಎಲ್ಲಿಡಬೇಕು ಎಂಬ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆಯೇ.

ಕಿವಿಯ ಊಹೆ

ಗಾಯಕರೊಬ್ಬರು ಹಾರ್ಮೋನಿಯಂನ ‘ಬಿಳಿ ಒಂದು’ ಶ್ರುತಿಯಲ್ಲಿ ಹಾಡುತ್ತಿದ್ದಾರೆ ಎಂದಿಟ್ಟುಕೊಂಡರೆ, ಅವರ ಮಧ್ಯ ಷಡ್ಜ ಸೆಕೆಂಡಿಗೆ ಸುಮಾರು 131 ಕಂಪನಗಳದು. ತಂಬೂರಿಯ ಕೊನೆಯ ತಂತಿಯಾದ ಮಂದ್ರ ಷಡ್ಜ ಅದರ ಅರ್ಧ, ಎಂದರೆ ಸುಮಾರು 65. ಸೆಕೆಂಡಿಗೆ ಒಂದು ಕಂಪನವನ್ನು ಒಂದು ಹರ್ಟ್ಜ್ ಎನ್ನುತ್ತಾರೆ. ಫೋನಿನ ಸ್ಪೀಕರಿಗೆ ಕೆಲವು ನೂರು ಹರ್ಟ್ಜ್‌ಗಿಂತ ಕೆಳಗಿನ ದನಿಯನ್ನು ತಕ್ಕಮಟ್ಟಿಗೆ ಹೊರಡಿಸುವ ಶಕ್ತಿಯೇ ಇಲ್ಲ. ಹಾಗಿದ್ದೂ ಫೋನಿನಲ್ಲಿ ಕೇಳಿದಾಗ ಷಡ್ಜ ಷಡ್ಜವಾಗಿಯೇ ಕೇಳಿಸುತ್ತದೆ. ಇಲ್ಲದ ದನಿ ಕಿವಿಗೆ ಬಿದ್ದದ್ದು ಹೇಗೆ?

ಉತ್ತರ ಕಿವಿಯ ಜಾಣತನದಲ್ಲಿದೆ. ಯಾವ ತಂತಿಯೂ ಒಂದೇ ಕಂಪನವನ್ನು ಹೊರಡಿಸುವುದಿಲ್ಲ. 65ರ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳ ಉಪಸ್ವರಗಳೂ ಹೊರಡುತ್ತವೆ. ತಂಬೂರಿ ಮೀಟುವಾಗ ಯಾರೂ ನುಡಿಸದ ಅಂತರ ಗಾಂಧಾರ ಕೇಳಿಬರುವುದು ಇದರಿಂದಲೇ. ಈ ಉಪಸ್ವರಗಳ ನಡುವಿನ ಅಂತರವನ್ನು ಗ್ರಹಿಸಿದ ಕಿವಿ ಮತ್ತು ಮೆದುಳು ತಳದ ಸ್ವರ ಇಂಥದೇ ಇರಬೇಕೆಂದು ಲೆಕ್ಕ ಹಾಕಿಬಿಡುತ್ತವೆ. ಜರ್ಮನಿಯ ಆಗಸ್ಟ್ ಸೀಬೆಕ್ 1840ರ ದಶಕದಲ್ಲೇ ಈ ವಿಚಾರ ಎತ್ತಿದ್ದ. ರೇಡಿಯೊ ಪೆಟ್ಟಿಗೆಗಳಿಂದ ನಮ್ಮ ನಾಡಿನಲ್ಲೂ ಮನೆಮಾತಾದ ಫಿಲಿಪ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಜೆ.ಎಫ್. ಸ್ಕೌಟೆನ್ 1940ರ ಹೊತ್ತಿಗೆ ಅದನ್ನು ಮತ್ತೆ ಪರೀಕ್ಷೆಗೆ ಒಡ್ಡಿದ. ತಂಬೂರಿಯ ಉಪಸ್ವರಗಳು ಅಷ್ಟು ದಟ್ಟವಾಗಿರಲು ಅದರ ಬಾಗಿದ ಕುದುರೆ ಮತ್ತು ಜೀವಾಳದ ದಾರ ಕಾರಣವೆಂದು ವಿವರಿಸಿದವರು ಸರ್ ಸಿ.ವಿ. ರಾಮನ್. ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬರುವ ಎಷ್ಟೋ ಮೊದಲು, 1920ರ ಆಸುಪಾಸಿನಲ್ಲಿ, ಕಲ್ಕತ್ತೆಯಲ್ಲಿದ್ದಾಗ ಅವರು ಮೃದಂಗ ಮತ್ತು ತಂಬೂರಿಗಳ ನಾದವನ್ನು ಅಭ್ಯಸಿಸಿದ್ದರು.

ಕಿವಿಯ ಈ ಊಹೆಯಿಂದ ಸ್ವರ ಯಾವುದೆಂದು ತಿಳಿಯುತ್ತದೆ, ಆದರೆ ಅದರ ಭಾರ ತಿಳಿಯುವುದಿಲ್ಲ. ಹತ್ತಿರ ಕೂತಾಗ ಎದೆಗೆ ತಟ್ಟುವ ಮಂದ್ರದ ತುಂಬು ನಾದ, ಮೃದಂಗದ ಎಡಭಾಗದ ಗುಂಭ, ಇವು ಊಹೆಗೆ ದಕ್ಕುವುದಿಲ್ಲ. ಅದಕ್ಕೆ ಗಾಳಿಯೇ ಅಲುಗಬೇಕು. ದೊಡ್ಡ ಸ್ಪೀಕರಿನ ಅಗತ್ಯ ಹುಟ್ಟುವುದು ಇಲ್ಲಿ. ಅಷ್ಟೇ ಜೋರಿನ ದನಿಯನ್ನು ಒಂದು ಸ್ಥಾಯಿ ಕೆಳಗೆ ಇಳಿಸಬೇಕಾದರೆ ಸ್ಪೀಕರಿನ ಪೊರೆ ನಾಲ್ಕು ಪಟ್ಟು ದೂರ ಅಲುಗಬೇಕು. ಎರಡು ಸ್ಥಾಯಿಗೆ ಹದಿನಾರು ಪಟ್ಟು. ಹೆಬ್ಬೆರಳ ಉಗುರಿನಷ್ಟು ಪೊರೆಗೆ ಅದು ಸಾಧ್ಯವಿಲ್ಲದ ಮಾತು.

ಕಾಗದದ ಶಂಕು

ಇಂದಿನ ಎಲ್ಲ ಮನೆಬಳಕೆಯ ಸ್ಪೀಕರುಗಳ ಮೂಲಪುರುಷ ಹುಟ್ಟಿದ್ದು 1925ರಲ್ಲಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ಆ ವರ್ಷ ಪ್ರಬಂಧವೊಂದನ್ನು ಮಂಡಿಸಿದರು. ಅದುವರೆಗೆ ದನಿ ದೊಡ್ಡದಾಗಲು ಗ್ರಾಮಫೋನಿನ ಕಹಳೆಯಂಥ ಕೊಳವೆ ಬೇಕಿತ್ತು. ಇವರು ಕಹಳೆಯನ್ನು ಕೈಬಿಟ್ಟು ಕಾಗದದ ಶಂಕುವಿನ ಬುಡಕ್ಕೆ ತಾಮ್ರದ ತಂತಿಯ ಸುರುಳಿ ಅಂಟಿಸಿ ಅದನ್ನು ಕಾಂತದ ನಡುವೆ ತೂಗಿಬಿಟ್ಟರು. ಸುರುಳಿಯಲ್ಲಿ ಹಾಡಿನ ವಿದ್ಯುತ್ ಹರಿದಂತೆ ಶಂಕು ಹಿಂದೆ ಮುಂದೆ ಅಲುಗಿ ಗಾಳಿಯನ್ನು ನೂಕುತ್ತದೆ. ನೂರು ವರ್ಷಗಳ ನಂತರವೂ ಕೆಲಸ ನಡೆಯುವ ಬಗೆ ಇದೇ.

ಇಲ್ಲೊಂದು ಸ್ವಾರಸ್ಯವಿದೆ. ಈ ವಿನ್ಯಾಸ 1926ರಲ್ಲಿ ‘ರೇಡಿಯೋಲಾ 104’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಪೆಟ್ಟಿಗೆಯೊಳಗೆ ಆಂಪ್ಲಿಫೈಯರೂ ಇತ್ತು. ಅಂದಿನ ರೇಡಿಯೊಗಳ ದುರ್ಬಲ ವಿದ್ಯುತ್ತಿಗೆ ಶಂಕುವನ್ನು ಅಲುಗಿಸುವ ತ್ರಾಣವಿರಲಿಲ್ಲವಾದ್ದರಿಂದ ಸ್ಪೀಕರು ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬರಬೇಕಾಯಿತು. ಎಂದರೆ ಶಂಕುವಿನ ಸ್ಪೀಕರು ಹುಟ್ಟಿದ್ದೇ ‘ಪವರ್ಡ್’ ಆಗಿ. ಆಮೇಲೆ ಬಂದ ವಾಲ್ವ್ ರೇಡಿಯೊ ಕೂಡ ಅಂಥದೇ ಒಂದು ಪೆಟ್ಟಿಗೆ: ಆಂಪ್ಲಿಫೈಯರು, ಶಂಕು, ಮರದ ಗೂಡು ಒಂದರಲ್ಲೇ.

ಇವು ಬೇರೆ ಬೇರೆಯಾದದ್ದು ನಡುಗಾಲದಲ್ಲಿ. ಎಲ್.ಪಿ. ತಟ್ಟೆಗಳ ಕಾಲ ಬಂದ ಮೇಲೆ ಶ್ರೀಮಂತ ದೇಶಗಳ ರಸಿಕರು ಆಂಪ್ಲಿಫೈಯರನ್ನು ಒಂದು ಕಂಪನಿಯಿಂದ, ಸ್ಪೀಕರನ್ನು ಇನ್ನೊಂದರಿಂದ ಕೊಂಡು ಮದುವೆ ಮಾಡಿಸತೊಡಗಿದರು. ನಮ್ಮಲ್ಲಿ ಆ ವೈಭೋಗ ಬಂದದ್ದು ತಡವಾಗಿ. ಗಲ್ಫ್‌ಗೆ ಹೋದವರು ಊರಿಗೆ ತಂದ ಟೂ ಇನ್ ಒನ್‌ಗಳ ಬೆನ್ನಿಗೇ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಕೊಂಡು ಕಟ್ಟಿಸಿದ ಆಂಪ್ಲಿಫೈಯರುಗಳು, ಬಡಗಿಯಿಂದ ಮಾಡಿಸಿದ ಸ್ಪೀಕರ್ ಪೆಟ್ಟಿಗೆಗಳು ನಡುಮನೆಗೆ ಬಂದವು.

ಪೆಟ್ಟಿಗೆ ಕಿರಿದಾದದ್ದು

ಸ್ಪೀಕರಿಗೆ ಪೆಟ್ಟಿಗೆ ಬೇಕಾಗುವುದು ಅಂದಕ್ಕಲ್ಲ. ಶಂಕು ಮುಂದಕ್ಕೆ ಗಾಳಿಯನ್ನು ನೂಕುವಾಗಲೇ ಹಿಂದಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮಂದ್ರದ ಅಲೆಗಳು ಬಹಳ ಉದ್ದ. 65 ಹರ್ಟ್ಜ್‌ನ ಒಂದು ಅಲೆ ಐದು ಮೀಟರಿಗೂ ಹೆಚ್ಚು. ಅಷ್ಟು ಉದ್ದದ ಅಲೆ ಸಲೀಸಾಗಿ ಬಳಸಿಕೊಂಡು ಹಿಂದಿನಿಂದ ಮುಂದಕ್ಕೆ ಬಂದು ಮುಂದಿನ ಅಲೆಯನ್ನು ಅಳಿಸಿಹಾಕುತ್ತದೆ. ಬರಿಯ ಸ್ಪೀಕರನ್ನು ಕೈಯಲ್ಲಿ ಹಿಡಿದು ಹಾಡಿಸಿದರೆ ಕೀರಲು ದನಿ ಬರುವುದು ಇದಕ್ಕೇ. ಹಿಂದಿನ ಗಾಳಿಯನ್ನು ಕೂಡಿಹಾಕುವುದು ಪೆಟ್ಟಿಗೆಯ ಕೆಲಸ.

ಕೂಡಿಹಾಕಿದ ಗಾಳಿ ಸುಮ್ಮನಿರುವುದಿಲ್ಲ, ಸ್ಪ್ರಿಂಗಿನಂತೆ ಶಂಕುವನ್ನು ತಡೆಯುತ್ತದೆ. ಆದ್ದರಿಂದ ಒಳ್ಳೆಯ ಮಂದ್ರ ಬೇಕಾದವರು ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಇಟ್ಟುಕೊಳ್ಳಬೇಕಿತ್ತು. ಅಮೆರಿಕದ ಎಡ್ಗರ್ ವಿಲ್ಚರ್ ಎಂಬಾತ ಈ ದೋಷವನ್ನೇ ಗುಣ ಮಾಡಿಕೊಂಡ. ಶಂಕುವಿನ ಅಂಚಿನ ಬಿಗಿತವನ್ನು ಸಡಿಲಗೊಳಿಸಿ, ಸ್ಪ್ರಿಂಗಿನ ಕೆಲಸವನ್ನು ಮುಚ್ಚಿದ ಪೆಟ್ಟಿಗೆಯ ಗಾಳಿಗೇ ವಹಿಸಿಕೊಟ್ಟ. ಶಿಷ್ಯ ಹೆನ್ರಿ ಕ್ಲಾಸ್ ಜೊತೆ ಸೇರಿ 1954ರಲ್ಲಿ ಹೊರತಂದ ‘ಎಆರ್-1’ ಸ್ಪೀಕರು ಎರಡು ಅಡಿಗಿಂತ ತುಸು ಹೆಚ್ಚು ಉದ್ದವಿತ್ತು, ಅಷ್ಟೇ. ಕಪಾಟಿನಲ್ಲಿಡುವ ಸ್ಪೀಕರು ಎಂಬ ಮಾತಿಗೆ ಅರ್ಥ ಬಂದದ್ದು ಆಗ. ಇನ್ನೊಂದು ದಾರಿ ಪೆಟ್ಟಿಗೆಗೆ ಕೊಳವೆ ಇಟ್ಟು, ಹಿಂದಿನ ಗಾಳಿಯನ್ನೂ ಮಂದ್ರಕ್ಕೆ ದುಡಿಸಿಕೊಳ್ಳುವುದು. ಆ ಕೊಳವೆಯ ಲೆಕ್ಕವನ್ನು 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ತೀಲ್, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಗಣಿತದ ಹಿಡಿತಕ್ಕೆ ತಂದರು. ಇಂದಿನ ಪುಟ್ಟ ಸ್ಪೀಕರುಗಳ ಬೆನ್ನಲ್ಲೋ ಮುಂದೆಯೋ ಕಾಣುವ ದುಂಡನೆಯ ರಂಧ್ರ ಆ ಲೆಕ್ಕದ ಫಲ.

ಆಂಪ್ಲಿಫೈಯರು ಮತ್ತೆ ತವರಿಗೆ ಮರಳುವುದಕ್ಕೆ ಎರಡು ಕಾರಣಗಳಿದ್ದವು. ಒಂದು, ಪ್ರಸಾರ ಕೇಂದ್ರಗಳ ಅಗತ್ಯ. ಫಿನ್ಲೆಂಡಿನ ಬಾನುಲಿಗಾಗಿ 1978ರಲ್ಲಿ ಜೆನೆಲೆಕ್ ಎಂಬ ಕಂಪನಿ ತಯಾರಿಸಿದ ಸ್ಪೀಕರಿನಲ್ಲಿ ಪ್ರತಿ ಶಂಕುವಿಗೂ ಅದಕ್ಕೆ ಹೊಂದುವ ಆಂಪ್ಲಿಫೈಯರು ಒಳಗೇ ಇತ್ತು. ಇನ್ನೊಂದು, ‘ಕ್ಲಾಸ್ ಡಿ’ ಎಂಬ ಬಗೆಯ ಆಂಪ್ಲಿಫೈಯರು ಅಗ್ಗವಾದದ್ದು. ಹಳೆಯವು ಎಳೆದುಕೊಂಡ ವಿದ್ಯುತ್ತಿನ ದೊಡ್ಡ ಪಾಲನ್ನು ಶಾಖ ಮಾಡಿ ಕಳೆಯುತ್ತಿದ್ದವು. ಹೊಸದು ಅಷ್ಟಾಗಿ ಕಾಯುವುದಿಲ್ಲ. ಹೀಗಾಗಿ ಅಂಗೈಯಗಲದ ಹಲಗೆಯಲ್ಲಿ ಅಡಗಿ ಮುಚ್ಚಿದ ಪೆಟ್ಟಿಗೆಯೊಳಗೆ ಕೂರಬಲ್ಲುದು.

ಕೊಳ್ಳುವ ಮುನ್ನ

ತೊಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರಿನ ಮೇಲೆ ‘1000 ವಾಟ್ ಪಿಎಂಪಿಒ’ ಎಂಬ ಚೀಟಿ ಕಂಡು ಬೆರಗಾದವರು ಬಹಳ. ಆ ಅಂಕಿಯನ್ನು ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಕ್ರಮವೇ ಇರಲಿಲ್ಲ, ಮಾರುವವರ ಉತ್ಸಾಹವೇ ಅಳತೆಗೋಲು. ಇಂದೂ ಅಂಥ ಚೀಟಿಗಳು ಮಾಯವಾಗಿಲ್ಲ. ಸುಲಭದ ಪರೀಕ್ಷೆಯೆಂದರೆ ಪೆಟ್ಟಿಗೆಯ ಬೆನ್ನನ್ನೋ ಅಡಾಪ್ಟರನ್ನೋ ನೋಡುವುದು. ಅದು ಎಳೆದುಕೊಳ್ಳುವ ವಿದ್ಯುತ್ತು 60 ವಾಟ್ ಎಂದಿದ್ದರೆ ಒಂದೇ ಸಮನೆ ಅದಕ್ಕಿಂತ ಹೆಚ್ಚು ಕೊಡಲು ಅದು ಅಕ್ಷಯಪಾತ್ರೆಯಲ್ಲ. ನೋಡಬೇಕಾದ್ದು ‘ಆರ್‌ಎಂಎಸ್’ ಎಂದು ಕೊಟ್ಟಿರುವ ಅಂಕಿ. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಮಾತಿಗಿಂತ ತುಸು ಜೋರಾಗಿ ಹಾಡು ಕೇಳಲು ಸರಾಸರಿ ಒಂದು ವಾಟ್ ಕೂಡ ಬೇಕಾಗದು. ಮೃದಂಗದ ಮುಕ್ತಾಯದ ಏಟಿನಂಥ ಕ್ಷಣಗಳಿಗೆ ಅದರ ಹತ್ತಾರು ಪಟ್ಟು ಬೇಕು. ಒಂದೊಂದು ಪೆಟ್ಟಿಗೆಗೆ 20ರಿಂದ 50 ವಾಟ್ ಇದ್ದರೆ ಧಾರಾಳ. ವಾಟ್ ಎರಡರಷ್ಟಾದರೆ ದನಿ ಹೆಚ್ಚುವುದು ಮೂರು ಡೆಸಿಬೆಲ್ ಮಾತ್ರ, ದನಿ ಎರಡರಷ್ಟು ಜೋರೆನಿಸಲು ವಾಟ್ ಹತ್ತರಷ್ಟಾಗಬೇಕು.

ವಾಟ್‌ಗಿಂತ ಮುಖ್ಯವಾದದ್ದು ವೂಫರ್ ಎನ್ನುವ ದೊಡ್ಡ ಶಂಕುವಿನ ಅಗಲ ಮತ್ತು ಪೆಟ್ಟಿಗೆ ಇಳಿಯಬಲ್ಲ ಆಳ. ಸ್ಥೂಲವಾಗಿ ಹೇಳುವುದಾದರೆ, ಮೂರು ಇಂಚಿನ ವೂಫರ್ ಓದುವ ಮೇಜಿಗೆ ಸಾಕು, ನಾಲ್ಕಿಂಚಿನದು 65 ಹರ್ಟ್ಜ್‌ನ ಆಸುಪಾಸಿನಲ್ಲಿ ತಿಣುಕುತ್ತದೆ, ಐದರಿಂದ ಆರೂವರೆ ಇಂಚಿನದು ಮಂದ್ರ ಷಡ್ಜವನ್ನು ನಿರಾಯಾಸವಾಗಿ ಕೊಡುತ್ತದೆ. ‘50ರಿಂದ 20,000 ಹರ್ಟ್ಜ್’ ಎಂದಷ್ಟೇ ಬರೆದಿದ್ದರೆ ಅದಕ್ಕೆ ಅರ್ಥ ಕಡಿಮೆ. ಪಕ್ಕದಲ್ಲಿ ‘ಹೆಚ್ಚು ಕಡಿಮೆ 3 ಡೆಸಿಬೆಲ್’ ಎಂಬ ಮಿತಿಯೂ ಇದ್ದರೆ ಆ ಮಾತಿಗೆ ತೂಕ.

ಎರಡು ಬಗೆಯ ಪೆಟ್ಟಿಗೆಗಳಿವೆ ಎಂಬುದೂ ತಿಳಿದಿರಬೇಕು. ಸಾಮಾನ್ಯ ಪವರ್ಡ್ ಜೋಡಿಯಲ್ಲಿ ಆಂಪ್ಲಿಫೈಯರು ಒಂದು ಪೆಟ್ಟಿಗೆಯಲ್ಲಿರುತ್ತದೆ, ಇನ್ನೊಂದು ತಂತಿಯ ಮೂಲಕ ಅದನ್ನು ಅವಲಂಬಿಸುತ್ತದೆ. ‘ಆಕ್ಟಿವ್’ ಎಂಬ ಹೆಸರಿಗೆ ನಿಜವಾಗಿ ಅರ್ಹವಾದವುಗಳಲ್ಲಿ ವೂಫರಿಗೂ ಮೇಲಿನ ಸಣ್ಣ ಟ್ವೀಟರಿಗೂ ಪ್ರತ್ಯೇಕ ಆಂಪ್ಲಿಫೈಯರು, ದನಿಯ ಹಂಚಿಕೆಯೂ ಅದಕ್ಕೆ ಮೊದಲೇ. ಎರಡನೆಯದು ಉತ್ತಮ, ಬೆಲೆಯೂ ಹೆಚ್ಚು. ಆದರೆ ಹೆಸರುಗಳನ್ನು ಅದಲು ಬದಲು ಮಾಡಿ ಮಾರುವುದುಂಟು.

ಅಂಗಡಿಯಲ್ಲಿ ಕೇಳಿ ಆರಿಸುವವರು ಒಂದು ಮೋಸದ ಬಗ್ಗೆ ಎಚ್ಚರವಾಗಿರಬೇಕು. ಅದು ಅಂಗಡಿಯವರದಲ್ಲ, ಕಿವಿಯದು. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದಂತೆ, ದನಿ ಮೆಲ್ಲಗಾದಷ್ಟೂ ಕಿವಿ ಮಂದ್ರವನ್ನು ಕಡಿಮೆ ಗ್ರಹಿಸುತ್ತದೆ. ಆದ್ದರಿಂದ ಎರಡರಲ್ಲಿ ಜೋರಾಗಿ ಹಾಡುವುದೇ ಒಳ್ಳೆಯದೆಂದು ತೋರುತ್ತದೆ. ಎರಡನ್ನೂ ಮನೆಯಲ್ಲಿ ಕೇಳುವ ಮಟ್ಟಕ್ಕೆ, ಒಂದೇ ಸಮನಾಗಿ ಇಟ್ಟು, ಚೆನ್ನಾಗಿ ಪರಿಚಯವಿರುವ ಮೂರು ತುಣುಕು ಕೇಳಬೇಕು: ತಂಬೂರಿಯೊಂದಿಗೆ ಆರಂಭವಾಗುವ ಆಲಾಪ, ತನಿ ಆವರ್ತನ, ಮತ್ತು ಬರಿಯ ಮಾತು. ಮನುಷ್ಯರ ಮಾತು ಡಬ್ಬದೊಳಗಿಂದ ಬಂದಂತೆ ಕೇಳಿಸುವ ಸ್ಪೀಕರು ಎಷ್ಟೇ ಗುಡುಗಿದರೂ ಬೇಡ.

ತಂತಿಗಳ ಲೆಕ್ಕ

ಜೋಡಿಸುವಾಗ ಮೊದಲ ನಿಯಮವೊಂದಿದೆ. ಬೇರೆ ಆಂಪ್ಲಿಫೈಯರಿನ ಸ್ಪೀಕರ್ ತಂತಿಗಳನ್ನು ಪವರ್ಡ್ ಸ್ಪೀಕರಿನ ಒಳಕಿಂಡಿಗೆ ಎಂದೂ ಸಿಕ್ಕಿಸಬಾರದು. ಅದಕ್ಕೆ ಬೇಕಾದ್ದು ಬಲಹೀನವಾದ ‘ಲೈನ್’ ಸಂಕೇತ ಮಾತ್ರ; ಬಲವಾದದ್ದನ್ನು ಕೊಟ್ಟರೆ ಒಳಗಿನ ಮಂಡಲ ಸುಟ್ಟೀತು.

ಹಿಂಭಾಗದ ಕೆಂಪು ಬಿಳಿ ಜೋಡಿ ಕಿಂಡಿಗಳಿಗೆ ಆರ್‌ಸಿಎ ಎಂದು ಹೆಸರು. ಸಿ.ಡಿ. ಪ್ಲೇಯರು, ಕಂಪ್ಯೂಟರು, ಕಿಂಡಿಯಿರುವ ಹಳೆಯ ಫೋನು ಇಲ್ಲಿಗೆ ಬರಬಹುದು. ಕಿಂಡಿಯಿಲ್ಲದ ಹೊಸ ಫೋನುಗಳಿಗೆ ಚಾರ್ಜಿನ ಕಿಂಡಿಗೆ ಹಾಕುವ ಸಣ್ಣ ಅಡಾಪ್ಟರು ಸಿಗುತ್ತದೆ. ಇಲ್ಲವೇ ತಂತಿಯ ಗೊಡವೆಯಿಲ್ಲದ ಬ್ಲೂಟೂತ್ ಇದೆ. ಬ್ಲೂಟೂತ್ ದನಿಯನ್ನು ಅಡಕ ಮಾಡಿ ಕಳಿಸುವುದರಿಂದ ತುಸು ನಷ್ಟವೂ ತುಸು ವಿಳಂಬವೂ ಇದ್ದೇ ಇರುತ್ತದೆ. ಹಾಡಿಗೆ ಇದು ಬಾಧಕವಲ್ಲ, ಆದರೆ ಸಿನಿಮಾ ನೋಡುವಾಗ ಕೆಲವೊಮ್ಮೆ ತುಟಿ ಮುಂದೆ ಹೋಗಿ ಮಾತು ಹಿಂದೆ ಬೀಳುತ್ತದೆ. ಎರಡರಲ್ಲೂ ಫೋನಿನ ದನಿಯನ್ನು ಮುಕ್ಕಾಲಿಗಿಂತ ಮೇಲಿಟ್ಟು ಏರಿಳಿತವನ್ನು ಸ್ಪೀಕರಿನ ಗುಂಡಿಯಲ್ಲಿ ಮಾಡಿಕೊಂಡರೆ ಹಿನ್ನೆಲೆಯ ಸುಯ್ ಎನ್ನುವ ಸದ್ದು ಕಡಿಮೆ.

ಟೀವಿಗೆ ಜೋಡಿಸಲು ‘ಆಪ್ಟಿಕಲ್’ ಅಥವಾ ‘ಎಚ್‌ಡಿಎಂಐ ಎಆರ್‌ಸಿ’ ಎಂಬ ಕಿಂಡಿಗಳಿವೆ. ಮೊದಲನೆಯದು ಬೆಳಕಿನ ಮೂಲಕ ದನಿ ಸಾಗಿಸುವ, 1983ರಲ್ಲಿ ತೋಷಿಬಾ ಕಂಪನಿ ತಂದ ವಿಧಾನ. ಎರಡನೆಯದು 2009ರಲ್ಲಿ ಬಂತು, ಟೀವಿಯ ರಿಮೋಟಿನಿಂದಲೇ ಸ್ಪೀಕರಿನ ದನಿ ಹೊಂದಿಸುವ ಅನುಕೂಲ ಇದರದು. ಜೋಡಿಸಿದ ಮೇಲೂ ದನಿಯೇ ಬಾರದಿದ್ದರೆ ಟೀವಿಯ ದನಿಯ ಆಯ್ಕೆಗಳಲ್ಲಿ ‘ಪಿಸಿಎಂ’ ಎಂಬುದನ್ನು ಆರಿಸಬೇಕು. ಸಿನಿಮಾ ಮಂದಿರಕ್ಕೆಂದು ಹೆಣೆದ ದನಿಯನ್ನು ಬಿಡಿಸುವ ವಿದ್ಯೆ ಈ ಪುಟ್ಟ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಅಟ್ಟದಿಂದ ಇಳಿಸಿದ ರೆಕಾರ್ಡ್ ಪ್ಲೇಯರಿಗೆ ಮಾತ್ರ ಬೇರೆ ಉಪಚಾರ ಬೇಕು. ಕಾಂತದ ಸೂಜಿಯಿಂದ ಬರುವ ವಿದ್ಯುತ್ತು ಕೆಲವೇ ಮಿಲಿವೋಲ್ಟ್. ಅದೂ ಅಲ್ಲದೆ ತಟ್ಟೆಯ ಗೀರುಗಳು ಹರಡದಿರಲೆಂದು ಮಂದ್ರವನ್ನು ತಗ್ಗಿಸಿ, ತಾರವನ್ನು ಹಿಗ್ಗಿಸಿ ಕೊರೆದಿರುತ್ತಾರೆ. ಇದನ್ನು ಸರಿಮಾಡುವ ‘ಫೋನೊ’ ಮಂಡಲ ಪ್ಲೇಯರಿನಲ್ಲೋ ಸ್ಪೀಕರಿನಲ್ಲೋ ನಡುವಿನ ಡಬ್ಬಿಯಲ್ಲೋ ಎಲ್ಲಾದರೂ ಒಂದು ಕಡೆ ಇರಬೇಕು; ಎರಡು ಕಡೆ ಇರಬಾರದು.

ಜೋಡಿಸಿದ ಕೂಡಲೇ ಗುಂಯ್ ಎಂಬ ಸದ್ದು ಬಂದರೆ ಸ್ಪೀಕರು ಕೆಟ್ಟಿದೆಯೆಂದು ತಿಳಿಯಬೇಕಾಗಿಲ್ಲ. ನಮ್ಮ ವಿದ್ಯುತ್ತಿನ 50 ಹರ್ಟ್ಜ್ ಕಂಪನ ಅರ್ತಿಂಗಿನ ಎರಡು ದಾರಿಗಳ ನಡುವೆ ಸುತ್ತು ಹೊಡೆದಾಗ ಹೀಗಾಗುತ್ತದೆ. ಎಲ್ಲ ಉಪಕರಣಗಳನ್ನೂ ಒಂದೇ ಪ್ಲಗ್‌ ಬೋರ್ಡಿಗೆ ತಂದರೆ ಎಷ್ಟೋ ಸಲ ಇದು ನಿಲ್ಲುತ್ತದೆ. ಟೀವಿಗೆ ಬರುವ ಕೇಬಲ್ ತಂತಿ ಕಾರಣವಾಗಿದ್ದರೆ, ಲೋಹದ ಸಂಪರ್ಕವೇ ಇಲ್ಲದ ಆಪ್ಟಿಕಲ್ ತಂತಿ ಮದ್ದು. ಕೆಲವರು ಮಾಡುವಂತೆ ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ನನ್ನೇ ತೆಗೆದುಬಿಡುವುದು ಜೀವಕ್ಕೆ ಅಪಾಯ. ಕರೆಂಟು ಹೋದಾಗ ಮಾತ್ರ ಸದ್ದು ಬರುತ್ತಿದ್ದರೆ ಸ್ಕ್ವೇರ್ ವೇವ್ ಮಾದರಿಯ ಇನ್ವರ್ಟರನ್ನು ಶಂಕಿಸಬಹುದು.

ಇಡುವ ಜಾಗ

ಬೆಲೆಯಿಲ್ಲದೆ ದೊರಕುವ ಸುಧಾರಣೆ ಇರುವುದು ಇಲ್ಲಿ. ಎರಡು ಪೆಟ್ಟಿಗೆಗಳು ಏಕೆ ಎಂಬುದಕ್ಕೆ ಇಂಗ್ಲೆಂಡಿನ ಅಲನ್ ಬ್ಲೂಮ್‌ಲೀನ್ ಎಂಬ ಎಂಜಿನಿಯರನ ಕತೆ ಹೇಳುತ್ತಾರೆ. ಹೆಂಡತಿಯೊಡನೆ ಸಿನಿಮಾ ನೋಡುವಾಗ ನಟ ಪರದೆಯ ಒಂದು ತುದಿಯಲ್ಲಿದ್ದರೂ ಅವನ ಮಾತು ಇನ್ನೊಂದೇ ಕಡೆಯಿಂದ ಬರುವುದು ಆತನಿಗೆ ಸರಿಕಾಣಲಿಲ್ಲವಂತೆ. ಆತ 1931ರಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಯೇ ಇಂದಿನ ಸ್ಟೀರಿಯೊಗೆ ತಳಹದಿ. ಎರಡು ಪೆಟ್ಟಿಗೆಗಳಿಂದ ಸಮನಾಗಿ ಬಂದ ದನಿ ನಡುವಿನ ಬರಿದಾದ ಜಾಗದಿಂದ ಬಂದಂತೆ ಕೇಳಿಸುವುದೇ ಅದರ ಗುಟ್ಟು.

ಈ ಗುಟ್ಟು ಫಲಿಸಬೇಕಾದರೆ ಎರಡು ಪೆಟ್ಟಿಗೆಗಳೂ ಕೇಳುವವರೂ ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿರಬೇಕು. ಆರೇಳು ಅಡಿ ಅಂತರ ಸಾಕು. ಟ್ವೀಟರು ಕೂತವರ ಕಿವಿಯ ಮಟ್ಟಕ್ಕಿರಬೇಕು, ಏಕೆಂದರೆ ತಾರದ ದನಿ ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತದೆ. ಮಂದ್ರ ಹಾಗಲ್ಲ, ಅದು ಎಲ್ಲ ದಿಕ್ಕಿಗೂ ಹರಡಿ ಹಿಂದಿನ ಗೋಡೆಗೆ ತಾಗಿ ಇಮ್ಮಡಿಸುತ್ತದೆ. ಮೂಲೆಗೆ ಒತ್ತಿದರೆ ಮತ್ತೂ ಹೆಚ್ಚು. ಗುಂಭ ಅತಿಯಾಗಿ ಮಾತು ಮಸುಕಾದರೆ ಪೆಟ್ಟಿಗೆಗಳನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ತರಬೇಕು, ತೆಳುವೆನಿಸಿದರೆ ಹಿಂದಕ್ಕೆ ಸರಿಸಬೇಕು.

ಹೆಸರು ಕಪಾಟಿನದಾದರೂ ಕಪಾಟು ಇವಕ್ಕೆ ಅಷ್ಟೇನೂ ಒಳ್ಳೆಯ ಜಾಗವಲ್ಲ. ರಂಧ್ರ ಬೆನ್ನಲ್ಲಿರುವ ಪೆಟ್ಟಿಗೆಯನ್ನು ಷೋಕೇಸಿನ ಗೂಡಿಗೆ ತುರುಕಿದರೆ ಅದು ಉಸಿರು ಕಟ್ಟಿದಂತೆ ಹಾಡುತ್ತದೆ, ಪಕ್ಕದ ಗಾಜಿನ ಲೋಟಗಳೂ ದನಿಗೂಡಿಸುತ್ತವೆ. ಗೂಡೇ ಗತಿಯಾದವರು ರಂಧ್ರ ಮುಂದಿರುವುದನ್ನೋ ರಂಧ್ರವೇ ಇಲ್ಲದ್ದನ್ನೋ ಕೊಳ್ಳುವುದು ಲೇಸು. ಅಡಿಗೆ ರಬ್ಬರಿನ ತುಂಡು ಇಟ್ಟರೆ ಹಲಗೆಯ ನಡುಕ ತಗ್ಗುತ್ತದೆ. ಗ್ರಾನೈಟ್ ನೆಲ, ಬೋಳು ಗೋಡೆಗಳ ಹೊಸ ಫ್ಲ್ಯಾಟುಗಳಲ್ಲಿ ಇನ್ನೊಂದು ತೊಂದರೆ. ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಝಣ್ ಎಂಬ ಮರುದನಿ ಬರುತ್ತದೆ. ಒಂದು ಜಮಖಾನ, ದಪ್ಪ ಪರದೆ, ಪುಸ್ತಕ ತುಂಬಿದ ಕಪಾಟು ಈ ಮರುದನಿಯನ್ನು ಹೀರಿಕೊಳ್ಳುತ್ತವೆ. ಕಪಾಟಿನಲ್ಲಿ ಸ್ಪೀಕರಿಗಿಂತ ಪುಸ್ತಕಗಳಿದ್ದರೇ ಸಂಗೀತಕ್ಕೆ ಹೆಚ್ಚು ಉಪಕಾರ.

ಎಲ್ಲ ಮುಗಿದ ಮೇಲೆ ಪರೀಕ್ಷೆಗೆ ಹೊಸ ಹಾಡು ಬೇಡ. ಸ್ಟೀರಿಯೊ ಬರುವ ಮುಂಚಿನ ಹಳೆಯ ಧ್ವನಿಮುದ್ರಿಕೆಯೊಂದು ಸಾಕು. ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಬಂದದ್ದೇ 1958ರ ಹೊತ್ತಿಗೆ. ಅದಕ್ಕೂ ಹಿಂದಿನವು ಎರಡೂ ಪೆಟ್ಟಿಗೆಗಳಲ್ಲಿ ಒಂದೇ ದನಿಯನ್ನು ಹೊರಡಿಸುತ್ತವೆ. ತ್ರಿಕೋನದ ತುದಿಯಲ್ಲಿ ಕೂತು ಕಣ್ಣು ಮುಚ್ಚಿದರೆ ಗಾಯಕರು ಎರಡು ಪೆಟ್ಟಿಗೆಗಳ ನಟ್ಟನಡುವೆ ಕೂತು ಹಾಡಿದಂತೆ ಕೇಳಿಸಬೇಕು. ದನಿ ದಿಕ್ಕಿಲ್ಲದೆ ಕೋಣೆಯೆಲ್ಲ ಚದರಿ ಮಂದ್ರ ಸೊರಗಿದ್ದರೆ ಎರಡನೆಯ ಪೆಟ್ಟಿಗೆಗೆ ಹೋಗುವ ಕೆಂಪು ಕಪ್ಪು ತಂತಿಗಳು ಅದಲು ಬದಲಾಗಿವೆ ಎಂದರ್ಥ. ಒಂದು ಶಂಕು ನೂಕುವಾಗ ಇನ್ನೊಂದು ಎಳೆಯುತ್ತಿದೆ. ತಂತಿ ತಿರುಗಿಸಿ ಹಾಕಿದರೆ ಗಾಯಕರು ತಮ್ಮ ಜಾಗಕ್ಕೆ ಬಂದು ಕೂರುತ್ತಾರೆ.

ಇಷ್ಟೆಲ್ಲ ಖಟಪಟಿ ಏತಕ್ಕೆ ಎಂದು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್‌ವರೆಗಿನ ದನಿ ಸುರಕ್ಷಿತ ಎನ್ನುತ್ತದೆ. 90 ಡೆಸಿಬೆಲ್ ಆದರೆ ಆ ಅವಧಿ ನಾಲ್ಕೇ ಗಂಟೆ. ಬಸ್ಸಿನ ಗದ್ದಲದಲ್ಲಿ ಇಯರ್‌ಫೋನಿನ ದನಿ ಏರಿಸುವವರು ಈ ಗೆರೆಯನ್ನು ಸುಲಭವಾಗಿ ದಾಟುತ್ತಾರೆ. ಪೆಟ್ಟಿಗೆಯನ್ನು ಕಿರಿದು ಮಾಡಿದ ವಿಲ್ಚರ್ ಮುಂದೆ ಸ್ಪೀಕರುಗಳನ್ನು ಬಿಟ್ಟು, ಕಿವಿ ಮಂದವಾದವರ ಶ್ರವಣ ಸಾಧನಗಳತ್ತ ತಿರುಗಿದ. ಮೆಲ್ಲಗಿನ ಮತ್ತು ಜೋರಾದ ದನಿಗಳನ್ನು ಬೇರೆ ಬೇರೆ ಹದದಲ್ಲಿ ಹಿಗ್ಗಿಸುವ ವಿಧಾನವನ್ನು 1973ರಲ್ಲಿ ಪ್ರಕಟಿಸಿ, ಪೇಟೆಂಟ್ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟ.

ಹಲಗೆಯ ಮೇಲಿನ ರೇಡಿಯೊ ಹೋಗಿ ಬಹಳ ಕಾಲವಾಯಿತು. ಅದರ ಎರಡು ಗುಣಗಳು ಮಾತ್ರ ಉಳಿಸಿಕೊಳ್ಳತಕ್ಕವು. ಅದರ ಮರದ ಗೂಡಿನಿಂದ ಮಂದ್ರ ಮಂದ್ರವಾಗಿಯೇ ಬರುತ್ತಿತ್ತು, ಮತ್ತು ಬಂದದ್ದು ಮನೆಯವರೆಲ್ಲರ ಕಿವಿಗೂ ಬೀಳುತ್ತಿತ್ತು. ಕಿವಿ ತುಸು ಮಂದವಾದ ಅಜ್ಜಿ ಮೊಮ್ಮಗನನ್ನು ಕರೆದು ‘ಇದು ಯಾವ ರಾಗ ಹೇಳು ನೋಡೋಣ’ ಎಂದು ಕೇಳಬೇಕಾದರೆ ಇಬ್ಬರಿಗೂ ಅದು ಒಟ್ಟಿಗೇ ಕೇಳಿಸುತ್ತಿರಬೇಕು. ಗೋಡೆಯಿಂದ ಒಂದಡಿ ಮುಂದೆ ಇಟ್ಟ ಎರಡು ಪೆಟ್ಟಿಗೆಗಳಿಗೆ ಆ ಕೆಲಸ ಇಂದಿಗೂ ಬರುತ್ತದೆ.